ಎರಿ ಹೊಲದಾಗ ಒಂದು ಸುತ್ತಿಗೆ ಪೆಟ್ಟು

ಸವದತ್ತಿ ಹತ್ರ ನವಿಲುತೀರ್ಥದಾಗ ಮಲಪ್ರಭಾ ಗುಡ್ಡ ಸೀಳಿ ಒಳಗಿನ ಕಲ್ಲು ತೋರಿಸ್ಯಾಳ. ನಮ್ಮ ದೊಡವಾಡದಾಗ ಎರಿಮಣ್ಣು ಎಲ್ಲಾ ಮುಚ್ಚಿಟ್ಟದ. ಹಂಗಾರ ಕೆಳಗ ಏನೈತಿ ಅಂತ ನೋಡೋದು ಹ್ಯಾಂಗ?

ಕಬ್ಬಿಣದ ಪ್ಲೇಟ್ ಇಟ್ಟು ಸುತ್ತಿಗೀಲೆ ಒಂದು ಪೆಟ್ಟು ಹಾಕ್ರಿ. ನಡುಕದ ಅಲೆ ಸಡಿಲ ಮಣ್ಣಾಗ ಸೆಕೆಂಡಿಗೆ ಕೆಲವು ನೂರು ಮೀಟರ್ ಓಡ್ತದ, ಗಟ್ಟಿ ಬಂಡೆಯೊಳಗ 5–6 ಕಿಲೋಮೀಟರ್! ಬಂಡೆಗೆ ಬಡಿದು ಒಂದಿಷ್ಟು ತಿರುಗಿ ಬರ್ತದ. ಸಾಲಾಗಿ ನೆಟ್ಟ ಜಿಯೋಫೋನ್ (ನೆಲದ ನಡುಕ ಅಳೆಯೋ ಸಾಧನ) ಅದನ್ನ ಹಿಡೀತಾವ.

ಇದೇ ಉಪಾಯಲೆ 1970ರ ದಶಕದಾಗ ಹೈದರಾಬಾದಿನ ಭೂಭೌತ ಸಂಶೋಧನಾ ಸಂಸ್ಥೆ ಎನ್‌ಜಿಆರ್‌ಐನವರು ಆಂಧ್ರದ ಕಾವಲಿಯಿಂದ ನಮ್ಮ ಉಡುಪಿತನಕ, ಸುಮಾರು 600 ಕಿಲೋಮೀಟರ್, ಸ್ಫೋಟಕ ಸಿಡಿಸಿ ಭೂಮಿಯ ಹೊರಪದರ ಅಳೆದ್ರು. ಸುತ್ತಿಗೆ ಅಷ್ಟು ಆಳ ಮುಟ್ಟೂದಿಲ್ಲ ಬಿಡ್ರಿ.

ಹಿಡಿದ ಅಲೆಯಿಂದ ಬಂಡೆ ಎಲ್ಲೈತಿ ಅಂತ ಹುಡುಕೋದು ಈಗ ಕಂಪ್ಯೂಟರ್ ಪಾಳಿ. ಅದರೊಳಗ ನೆಲವನ್ನ ಪಗಡಿ ಹಾಸಿನಂಗ ಸಣ್ಣ ಸಣ್ಣ ಮನಿ ಮಾಡ್ತಾರ. ಒಂದು ಮನಿ ನಡುಗಿದ್ರ ಬಾಜೂದ್ದು ಎಷ್ಟು ನಡುಗ್ತದ? ಲೆಕ್ಕ ಅಷ್ಟ. ಈ ಲೆಕ್ಕ ಕಾಲದಾಗ ಹೆಜ್ಜೆ ಹೆಜ್ಜೆಯಾಗಿ ಮುಂದ ಹೋಗ್ತದ. ಆದ್ರ ಆ ಕಾಲದ ಹೆಜ್ಜೆ ದೊಡ್ಡದಾಗಿ ಅಲೆ ಒಂದೇ ಹೆಜ್ಜೆಗೆ ಮನಿ ಹಾರಿ ಮುಂದ ಹೋತಂದ್ರ, ಲೆಕ್ಕ ಹುಚ್ಚು ಹಿಡೀತದ.

ಆಮ್ಯಾಲೆ ಜಿಯೋಫೋನ್ ಹಿಡಿದ ಅಲೆನ ಸಿನಿಮಾ ರಿವರ್ಸ್ ಮಾಡಿದಂಗ ವಾಪಸ್ ನೆಲದೊಳಗ ಓಡಿಸ್ತಾರ. ಸುತ್ತಿಗೆ ಪೆಟ್ಟಿನಿಂದ ಇಳಿಯೋ ಅಲೆ, ಹಿಂದಕ್ಕ ಓಡಿಸಿದ ಅಲೆ, ಒಂದೇ ಹೊತ್ತಿಗೆ ಎಲ್ಲಿ ಕೂಡ್ತಾವೋ, ಬಂಡೆಯ ಅಂಚು ಅಲ್ಲೇ!