ಉಪಕರಣದ ದೀಪಗಳು ಹೇಳುವುದೇನು?

ಶೃಂಗೇರಿ, ಕೊಪ್ಪ, ನರಸಿಂಹರಾಜಪುರ ಸೀಮೆಯ ಒಂಟಿಮನೆಗಳಿಗೂ ಈಗ ರಕ್ತದೊತ್ತಡದ ಯಂತ್ರ, ಪಲ್ಸ್ ಆಕ್ಸಿಮೀಟರ್ ಬಂದಿವೆ. ಶ್ವಾಸಕೋಶದ ವ್ಯಾಧಿಯುಳ್ಳ ಹಿರಿಯರಿರುವ ಕೆಲವು ಮನೆಗಳಲ್ಲಿ ಆಕ್ಸಿಜನ್ ಕಾನ್ಸಂಟ್ರೇಟರ್ ಕೂಡ ಇದೆ. ಆದರೆ ಅವುಗಳ ದೀಪಗಳ ಭಾಷೆಯನ್ನು ಮನೆಯವರಿಗೆ ಹೇಳಿಕೊಡುವವರು ವಿರಳ.

ಐಇಸಿ 60601 ಎಂಬ ಅಂತಾರಾಷ್ಟ್ರೀಯ ಮಾನಕದ ಪ್ರಕಾರ ವೈದ್ಯಕೀಯ ಉಪಕರಣದಲ್ಲಿ ಕೆಂಪು ದೀಪ ಹೊತ್ತಿದರೆ ತಕ್ಷಣ ಕ್ರಮ ಕೈಗೊಳ್ಳಬೇಕು. ಹಳದಿಯಾದರೆ ಬೇಗನೆ ಗಮನಿಸಬೇಕು. ಹಸಿರೆಂದರೆ ಉಪಕರಣ ಬಳಕೆಗೆ ಸಿದ್ಧ. ಹಸಿರು ಯಂತ್ರದ ಕ್ಷೇಮವನ್ನು ಹೇಳುತ್ತದೆಯೇ ಹೊರತು ರೋಗಿಯ ಕ್ಷೇಮವನ್ನಲ್ಲ. ಇದನ್ನು ಮರೆಯುವವರೇ ಹೆಚ್ಚು. ಅತಿ ತುರ್ತಿನ ಕೆಂಪು ದೀಪ ವೇಗವಾಗಿಯೂ ಮಧ್ಯಮ ತುರ್ತಿನ ಹಳದಿ ದೀಪ ನಿಧಾನವಾಗಿಯೂ ಮಿನುಗಬೇಕೆಂಬುದೂ ನಿಯಮ. ಕೆಂಪು–ಹಸಿರುಗಳ ಭೇದ ತಿಳಿಯದ ವರ್ಣಾಂಧತೆ ಗಂಡಸರಲ್ಲಿ ಹೆಚ್ಚು. ಅಂಥವರಿಗೆ ಈ ವೇಗ ಮತ್ತು ಸದ್ದುಗಳೇ ಆಸರೆ.

ಆದರೆ ಆಕ್ಸಿಮೀಟರಿನೊಳಗೆ ಹೊಳೆಯುವ ಕೆಂಪನ್ನು ಕಂಡು ಗಾಬರಿಪಡಬೇಕಾಗಿಲ್ಲ. ಅದು ಎಚ್ಚರಿಕೆಯಲ್ಲ, ಅಳತೆಯ ಸಾಧನ. ಸುಮಾರು 660 ನ್ಯಾನೋಮೀಟರಿನ ಕೆಂಪು ಬೆಳಕು, 940 ನ್ಯಾನೋಮೀಟರಿನ ಕಣ್ಣಿಗೆ ಕಾಣದ ಅವಗೆಂಪು ಕಿರಣ ಎರಡೂ ಬೆರಳನ್ನು ಹಾಯುತ್ತವೆ. ಆಮ್ಲಜನಕ ಹೊತ್ತ ರಕ್ತ ಮತ್ತು ಹೊರದ ರಕ್ತ ಇವನ್ನು ಬೇರೆ ಬೇರೆ ಪ್ರಮಾಣದಲ್ಲಿ ಹೀರುತ್ತವೆ. ಜಪಾನಿನ ತಕುವೊ ಅಯೋಯಾಗಿ ಈ ತತ್ತ್ವವನ್ನು 1974ರಲ್ಲಿ ಮಂಡಿಸಿದರು. ನಮ್ಮ ಜಡಿಮಳೆಯಲ್ಲಿ ಬೆರಳು ತಣ್ಣಗಾಗಿದ್ದರೆ ಅಳತೆ ತಪ್ಪಬಹುದು. ಕೈ ಬೆಚ್ಚಗೆ ಮಾಡಿ ಮತ್ತೊಮ್ಮೆ ನೋಡಬೇಕು. ಉಸಿರಾಟವೇ ಕಷ್ಟವಾಗಿದ್ದರೆ ಅಂಕಿಗಾಗಿ ಕಾಯದೆ ಆಸ್ಪತ್ರೆಗೆ ಹೊರಡಬೇಕು.

ಪರದೆಯ ಹಿಂಬೆಳಕಿನ ವಿಚಾರ. ನೀಲಿ ಬೆಳಕು ನೋಡಲು ಅಂದವೇನೋ ಸರಿ. ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಗಟ್ಟುವುದರಿಂದ ಹಿರಿಯರಿಗೆ ನೀಲಿ ಮಸುಕಾಗಿ ಕಾಣುತ್ತದೆ. ರಾತ್ರಿ ಹಾಸಿಗೆಯ ಬಳಿ ಅದು ನಿದ್ರೆ ತರುವ ಮೆಲಟೋನಿನ್ ಸ್ರಾವವನ್ನೂ ಕುಗ್ಗಿಸುತ್ತದೆ. ಬಿಳಿ ಹಿಂಬೆಳಕಿನ ಮೇಲೆ ದೊಡ್ಡ ಕಪ್ಪು ಅಂಕಿಗಳಿರುವ ಯಂತ್ರವನ್ನೇ ಕೊಳ್ಳುವುದು ಲೇಸು. ರೋಗಿಯ ತುಟಿ ನೀಲಿಗಟ್ಟಿದೆಯೇ ಎಂದು ಬಣ್ಣದ ದೀಪದಲ್ಲಿ ನಿರ್ಣಯಿಸಬಾರದು. ಬಿಳಿ ದೀಪ ಹಚ್ಚಿ ನೋಡಬೇಕು.

ಕಾನ್ಸಂಟ್ರೇಟರಿನ ಮಾತು ಹೆಚ್ಚು ಗಂಭೀರ. ಅದು ಕೊಡುವ ಗಾಳಿಯಲ್ಲಿ ಆಮ್ಲಜನಕ ಶೇಕಡ 82ಕ್ಕಿಂತ ಕಡಿಮೆಯಾದರೆ ಯಂತ್ರ ಎಚ್ಚರಿಸಬೇಕು. ಮರ ಬಿದ್ದು ವಿದ್ಯುತ್ ಹೋದರೆ ಯಂತ್ರವೇ ನಿಲ್ಲುತ್ತದೆ. ಆಗ ತುಂಬಿದ ಸಿಲಿಂಡರು ಮನೆಯಲ್ಲಿರಲೇಬೇಕು. ಮಳೆಗಾಲಕ್ಕೆ ಮುಂಚೆ, ರೋಗಿ ಯಂತ್ರ ಬಳಸದ ಹೊತ್ತಿನಲ್ಲಿ ಒಮ್ಮೆ ಪ್ಲಗ್ ತೆಗೆದು ಯಾವ ದೀಪ ಹೊತ್ತುತ್ತದೆ, ಸದ್ದು ಮಲಗುವ ಕೋಣೆಗೆ ಕೇಳಿಸುತ್ತದೆಯೇ ಎಂದು ಪರೀಕ್ಷಿಸಿರಿ. ಬಣ್ಣಗಳ ಅರ್ಥವನ್ನೂ 108 ಆಂಬುಲೆನ್ಸ್ ಸಂಖ್ಯೆಯನ್ನೂ ದಪ್ಪ ಅಕ್ಷರಗಳಲ್ಲಿ ಬರೆದು ಯಂತ್ರದ ಪಕ್ಕದ ಗೋಡೆಗೆ ಅಂಟಿಸಿರಿ.