ತೀಶಖ್ ಎಂಬ ಪ್ರಧಾನಿ

1937ರಲ್ಲಿ ಐರ್ಲೆಂಡಿನ ಹೊಸ ಸಂವಿಧಾನದ ಕರಡು ಸಂಸತ್ತಿನಲ್ಲಿ ಚರ್ಚೆಗೆ ಬಂದಾಗ ಫ್ರಾಂಕ್ ಮ್ಯಾಕ್‌ಡರ್ಮಟ್ ಎಂಬ ಸದಸ್ಯರು ಒಂದು ಪದಕ್ಕೆ ತಕರಾರು ತೆಗೆದರು. ಸರ್ಕಾರದ ಮುಖ್ಯಸ್ಥನಿಗೆ ಐರಿಷ್ ಪಠ್ಯದಲ್ಲಿ ‘ತೀಶಖ್’ ಎಂಬ ಹೆಸರೇ ಇರಲಿ, ಇಂಗ್ಲಿಷ್ ಪಠ್ಯದಲ್ಲಿ ಮಾತ್ರ ‘ಪ್ರೈಮ್ ಮಿನಿಸ್ಟರ್’ ಎಂದು ಬರೆಯಿರಿ, ಜನ ಇದನ್ನು ತಪ್ಪಾಗಿಯೇ ಉಚ್ಚರಿಸುತ್ತಾರೆ ಎಂಬುದು ಅವರ ವಾದ. ಆಗ ಸರ್ಕಾರ ನಡೆಸುತ್ತಿದ್ದ ಏಮನ್ ಡಿ ವಲೇರಾ ಜಗ್ಗಲಿಲ್ಲ. ಡಿಸೆಂಬರ್ 29ರಂದು ಸಂವಿಧಾನ ಜಾರಿಗೆ ಬಂದಾಗ ಅವರೇ ಮೊದಲ ‘ತೀಶಖ್’ ಆದರು.

ಮ್ಯಾಕ್‌ಡರ್ಮಟ್ ಅಂಜಿಕೆಗೆ ಕಾರಣವಿತ್ತು. ರೋಮನ್ ಲಿಪಿಯಲ್ಲಿ (Taoiseach) ಒಂಬತ್ತು ಅಕ್ಷರ, ಅದರಲ್ಲಿ ಐದು ಸ್ವರ. ಬಾಯಿಂದ ಹೊರಡುವುದು ಎರಡೇ ಉಚ್ಚಾರಾಂಶ. ಮೊದಲ ಮೂರು ಸ್ವರಗಳು ಸೇರಿ ‘ಈ’. ಐ ಮತ್ತು ಇ ಅಕ್ಷರಗಳ ನಡುವೆ ಸಿಕ್ಕ ಎಸ್ ‘ಶ’ ಆಗುತ್ತದೆ. ಕೊನೆಯದು ಉರ್ದುವಿನ ‘ಖಬರ್’ನಲ್ಲಿ ಗಂಟಲುಜ್ಜಿ ಬರುವ ಧ್ವನಿ. ಆರಂಭದ್ದಕ್ಕೆ ಇಂಗ್ಲಿಷರ ಟಿ ಗಿಂತ ಹಲ್ಲಿಗೆ ನಾಲಿಗೆ ತಾಗಿಸುವ ನಮ್ಮ ‘ತ’ ಹತ್ತಿರ.

ವ್ಯಾಕರಣದ ಆಟ ಇನ್ನೂ ಸ್ವಾರಸ್ಯದ್ದು. ಕನ್ನಡದಲ್ಲಿ ವಿಭಕ್ತಿ ಪದದ ಬಾಲಕ್ಕೆ ಅಂಟುತ್ತದೆ. ಐರಿಷ್ ತಲೆಯನ್ನೂ ಬಿಡುವುದಿಲ್ಲ. ಪುಲ್ಲಿಂಗದ ಈ ಪದ ಷಷ್ಠಿಯಲ್ಲಿ ‘ತೀಶಿ’. ಪ್ರಥಮಾ ಬಹುವಚನವೂ ಅದೇ. ಸಭೆಯಲ್ಲಿ ಪ್ರಧಾನಿಯನ್ನು ಸಂಬೋಧಿಸುವಾಗ ‘ತ’ ಕರಗಿ ‘ಅ ಹೀಶಿ’ ಎಂದಾಗುತ್ತದೆ. ‘ತೀಶಖ್‌ಗಳ’ ಎನ್ನಬೇಕಾದರೆ ‘ನ ದೀಶಖ್’. ಬೆಟ್ಟ, ತಾವರೆ ಕೂಡಿ ‘ಬೆಟ್ಟದಾವರೆ’ಯಾಗುವ ಆದೇಶ ಸಂಧಿ ಓದಿದವರಿಗೆ ಇದು ಹೊಸದೆನಿಸಲಾರದು. ಆದರೆ ಐರಿಷ್‌ನಲ್ಲಿ ಈ ಬದಲಾವಣೆಗೆ ಕಾರಣ, ಹಿಂದಿನ ಪದದ ಕೊನೆಯಲ್ಲಿ ಒಂದು ಕಾಲದಲ್ಲಿದ್ದ ಅನುನಾಸಿಕ. ಅನುನಾಸಿಕ ಅಳಿಯಿತು, ಅದು ಮಾಡಿದ ಬದಲಾವಣೆ ಉಳಿಯಿತು. ಬರೆಯುವಾಗಲೂ ‘ತ’ವನ್ನು ಅಳಿಸದೆ ಅದರ ಮುಂದೆ ‘ದ’ವನ್ನು ಕೂರಿಸುತ್ತಾರೆ.

ಪದದ ಬೇರು ‘ತೂಸ್’, ಅಂದರೆ ಆರಂಭ, ಎಂಬುದರ ಬಳಗದ್ದು. ಹಳೆಯ ಐರಿಷ್‌ನಲ್ಲಿ ತೀಶಖ್ ಎಂದರೆ ರಾಜನೇ ಆಗಬೇಕಿಲ್ಲ, ಮುಂದೆ ನಿಂತು ನಡೆಸುವವನು. ವೇಲ್ಸ್‌ನ ಕ್ಲೊಕೈನೊಗ್‌ನಲ್ಲಿ ಸಿಕ್ಕ ಪುರಾತನ ಕಲ್ಲಿನ ಮೇಲೆ ಲ್ಯಾಟಿನ್ ಮತ್ತು ಓಘಮ್ ಲಿಪಿಗಳೆರಡರಲ್ಲೂ ಈ ಪದದ ಹಳೆಯ ರೂಪ ‘ಟೋವಿಸಾಕಿ’ ಎಂದು ಕೊರೆಯಲಾಗಿದೆ. ವೆಲ್ಷ್ ಭಾಷೆಯಲ್ಲಿ ಇದರ ಸೋದರ ಪದಕ್ಕೆ ರಾಜಕುಮಾರ ಎಂಬ ಅರ್ಥ.

ಸ್ಕಾಟ್ಲೆಂಡಿನ ಕವಲು ಇನ್ನೂ ದೂರ ಹೋಯಿತು. ಅಲ್ಲಿ ‘ಮುಖಂಡನ ಮಗ’ ಎಂಬರ್ಥದ ಮನೆತನದ ಹೆಸರು ಇಂಗ್ಲಿಷ್ ಬಾಯಲ್ಲಿ ಮ್ಯಾಕಿಂಟಾಶ್ ಆಯಿತು. ಗ್ಲಾಸ್ಗೋದ ಚಾರ್ಲ್ಸ್ ಮ್ಯಾಕಿಂಟಾಶ್ 1823ರಲ್ಲಿ ಜಲನಿರೋಧಕ ಬಟ್ಟೆಗೆ ಪೇಟೆಂಟ್ ಪಡೆದು ಮಳೆಕೋಟಿಗೆ ಹೆಸರು ಕೊಟ್ಟ. ಕೆನಡಾದ ರೈತ ಜಾನ್ ಮ್ಯಾಕಿಂಟಾಶ್ ತನ್ನ ಹೆಸರನ್ನು ಸೇಬಿನ ತಳಿಗೆ ಬಿಟ್ಟುಹೋದ. ಆಪಲ್ ಕಂಪನಿಯ ಉದ್ಯೋಗಿ ಜೆಫ್ ರಾಸ್ಕಿನ್ ಕಾಗುಣಿತ ತುಸು ಬದಲಿಸಿ ಆ ಸೇಬಿನ ಹೆಸರನ್ನೇ ಕಂಪನಿಯ ಕಂಪ್ಯೂಟರಿಗೆ ಇಟ್ಟರು. ಅದು 1984ರಲ್ಲಿ ಮಾರುಕಟ್ಟೆಗೆ ಬಂತು. ಈಗ ಎಲ್ಲರೂ ಅದನ್ನು ಬರೀ ‘ಮ್ಯಾಕ್’ ಎನ್ನುತ್ತಾರೆ. ಮುಖಂಡ ಹೋಗಿ ಮಗನಷ್ಟೇ ಉಳಿದಿದ್ದಾನೆ.