ದ್ರಾವಕ ಬದಲಾದರೆ ಹರಳೂ ಬೇರೆ

ತಿಕೋಟಾ ತಾಲ್ಲೂಕು ದ್ರಾಕ್ಷಿಯ ಸೀಮೆ. ಬೇಸಿಗೆ ಶುರುವಾದರೆ ತೋಟದ ಪಕ್ಕದ ಶೆಡ್‌ಗಳಲ್ಲಿ ಜಾಲರಿಗಳ ಮೇಲೆ ಹಣ್ಣು ಹರಡುತ್ತಾರೆ. ಅದಕ್ಕೂ ಮೊದಲು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಬೆರೆಸಿದ ನೀರಿನಲ್ಲಿ ಅದ್ದಿರುತ್ತಾರೆ. ಸಿಪ್ಪೆಯ ಮೇಣ ಸಡಿಲಾಗಿ ಒಳಗಿನ ನೀರು ಹೋಗುತ್ತದೆ, ಸಕ್ಕರೆ ಉಳಿಯುತ್ತದೆ. ಹಾಗೆ ಒಣಗಿದ ದ್ರಾಕ್ಷಿಯನ್ನು ಬಹಳ ದಿನ ಇಟ್ಟರೆ ಒಮ್ಮೊಮ್ಮೆ ಅದರಲ್ಲಿ ಸಕ್ಕರೆಯ ಸಣ್ಣ ಹರಳು ಕಟ್ಟುತ್ತದೆ. ಜರ್ಮನಿಯ ಆಂಡ್ರಿಯಾಸ್ ಮಾರ್ಗ್ರಾಫ್ 1747ರಲ್ಲಿ ಗ್ಲೂಕೋಸನ್ನು ಬೇರ್ಪಡಿಸಿದ್ದು ಒಣದ್ರಾಕ್ಷಿಯಿಂದಲೇ.

ಇಂದು ಗ್ಲೂಕೋಸ್ ಔಷಧವೂ ಹೌದು. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಂತೆ 1 ಲೀಟರ್ ಓಆರ್‌ಎಸ್‌ಗೆ 13.5 ಗ್ರಾಂ ಗ್ಲೂಕೋಸ್ ಬೇಕು, ಅದೂ ನೀರಿನಂಶವಿಲ್ಲದ್ದು. ನೀರನ್ನು ಒಳಗಿಟ್ಟುಕೊಂಡ ಹರಳಾದರೆ 14.85 ಗ್ರಾಂ ಹಾಕಬೇಕಾಗುತ್ತದೆ. ಈ ವ್ಯತ್ಯಾಸ ಹುಟ್ಟುವುದು ಹರಳು ಕಟ್ಟಿಸುವ ಪಾತ್ರೆಯಲ್ಲೇ. ನೀರಿನ ದ್ರಾವಣ ಸುಮಾರು 50 ಡಿಗ್ರಿಗಿಂತ ತಂಪಾಗಿದ್ದರೆ ಪ್ರತಿ ಗ್ಲೂಕೋಸ್ ಅಣುವೂ ಒಂದೊಂದು ನೀರಿನ ಅಣುವನ್ನು ಹಿಡಿದುಕೊಂಡೇ ಹರಳಾಗುತ್ತದೆ. ಅದಕ್ಕಿಂತ ಬಿಸಿಯಲ್ಲಿ ನೀರಿಲ್ಲದ ಆಲ್ಫಾ ರೂಪ ಬರುತ್ತದೆ. ನೀರನ್ನೇ ಬಿಟ್ಟು ಪಿರಿಡಿನ್ ಎಂಬ ದ್ರಾವಕವನ್ನು ಬಿಸಿಯಾಗಿ ಬಳಸಿದರೆ ಬೀಟಾ ರೂಪ. ಆಲ್ಫಾ 146 ಡಿಗ್ರಿಗೆ ಕರಗಿದರೆ ಬೀಟಾ 150ಕ್ಕೆ. ಪಿಯುಸಿ ಮಕ್ಕಳು ಈ ಅಂಕಿಗಳನ್ನು ಪರೀಕ್ಷೆಗೆಂದು ಬಾಯಿಪಾಠ ಮಾಡುತ್ತಾರೆ. ಅವುಗಳ ಹಿಂದಿನ ಕಾರಣವನ್ನೂ ಅವರಿಗೆ ಹೇಳಬೇಕು ಎಂಬುದು ನನ್ನ ಆಸೆ.

ಗ್ಲೂಕೋಸ್ ಪಾಕ ಎಷ್ಟು ಗಟ್ಟಿಯಾದರೂ ಬೇಗ ಹರಳಾಗುವುದಿಲ್ಲ. ಮೊದಲ ಬೀಜ ಮೂಡಬೇಕಾದರೆ ಅಣುಗಳು ದ್ರಾವಕದ ಹಿಡಿತ ಬಿಡಿಸಿಕೊಂಡು ಒಂದಕ್ಕೊಂದು ಅಂಟಿ, ತಕ್ಕ ಜೋಡಣೆಯಲ್ಲಿ ಒಂದು ಗಾತ್ರ ಮುಟ್ಟಬೇಕು. ಆ ಗಾತ್ರ ಮುಟ್ಟುವ ಮೊದಲೇ ಬಹುತೇಕ ಗುಂಪುಗಳು ಮತ್ತೆ ಕರಗಿಹೋಗುತ್ತವೆ. ಗ್ಲೂಕೋಸಿಗೆ ಐದು ಹೈಡ್ರಾಕ್ಸಿಲ್ ಗುಂಪುಗಳಿವೆ, ಅಷ್ಟನ್ನೂ ನೀರು ಹಿಡಿದಿರುತ್ತದೆ. ಸಾಲದೆಂಬಂತೆ, ನೀರಿನಲ್ಲಿ ಆಲ್ಫಾ ಇರುವುದು ಶೇ 36 ಮಾತ್ರ, ಉಳಿದದ್ದೆಲ್ಲ ಬೀಟಾ. ಹರಳಿಗೆ ಬೇಕಾದದ್ದೇ ಕಡಿಮೆ. ಅದಕ್ಕೇ ಕಾರ್ಖಾನೆಯಲ್ಲಿ ಸಿದ್ಧ ಹರಳನ್ನೇ ಬೀಜವಾಗಿ ಹಾಕುತ್ತಾರೆ.

ದ್ರಾವಕದ ಹಿಡಿತವನ್ನು ಅಳೆದು ತೋರಿಸಿದ್ದು ಐರ್ಲೆಂಡಿನ ಲಿಮರಿಕ್ ವಿಶ್ವವಿದ್ಯಾಲಯದ ಓಕೆ ರಾಸ್ಮುಸನ್ ತಂಡ. ಅವರು ಆರಿಸಿಕೊಂಡದ್ದು ಆಸ್ಪಿರಿನ್‌ನ ಮೂಲವಸ್ತು ಸ್ಯಾಲಿಸಿಲಿಕ್ ಆಮ್ಲ. ಕ್ಲೋರೋಫಾರ್ಮ್‌ನಲ್ಲಿ ಅದರ ಬೀಜ ಸುಲಭವಾಗಿ ಮೂಡುತ್ತದೆ. ಈಥೈಲ್ ಅಸಿಟೇಟ್, ಅಸಿಟೋನೈಟ್ರೈಲ್, ಅಸಿಟೋನ್, ಮೆಥನಾಲ್, ಅಸಿಟಿಕ್ ಆಮ್ಲ, ಈ ಕ್ರಮದಲ್ಲಿ ಕಷ್ಟ ಹೆಚ್ಚುತ್ತ ಹೋಗುತ್ತದೆ. ಕ್ಲೋರೋಫಾರ್ಮ್‌ನಲ್ಲಿ ಆಮ್ಲದ ಅಣುಗಳು ಮೊದಲೇ ಜೋಡಿಯಾಗಿರುತ್ತವೆ. ಉಳಿದ ಐದರಲ್ಲಿ ಅಂಥ ಜೋಡಿಯ ಸ್ಪಷ್ಟ ಗುರುತು ಸಿಗಲಿಲ್ಲ. ದ್ರಾವಕ ಬಿಗಿಯಾಗಿ ಹಿಡಿದಷ್ಟೂ ಬೀಜ ತಡ ಎಂದು 2014ರ ಅವರ ಪ್ರಬಂಧ ಹೇಳಿತು.

ನೂರು ವರ್ಷ ಬಳಸಿದ ಆಸ್ಪಿರಿನ್‌ಗೆ ಇನ್ನೊಂದು ಹರಳುರೂಪ ಇದೆಯೆಂದು ಗೊತ್ತಾದದ್ದು 2005ರಲ್ಲಿ. ಆಸ್ಪಿರಿನ್ನನ್ನು ಬೇರೊಂದು ಔಷಧದೊಂದಿಗೆ ಬಿಸಿ ಅಸಿಟೋನೈಟ್ರೈಲ್‌ನಲ್ಲಿ ಕರಗಿಸಿ ಹರಳು ಕಟ್ಟಿಸಲು ಹೊರಟಾಗ ಈ ಎರಡನೆಯ ರೂಪ ಎದುರಾಯಿತು. ಅದು ನಿಜಕ್ಕೂ ಬೇರೆಯೇ ಎಂಬ ವಾದ ಎದ್ದಿತು. 2007ರಲ್ಲಿ ಆಂಡ್ರ್ಯೂ ಬಾಂಡ್, ರೋಲಾಂಡ್ ಬೋಸ್ ಮತ್ತು ಗೌತಮ್ ದೇಸಿರಾಜು, ಒಂದೇ ಹರಳಿನೊಳಗೆ ಎರಡೂ ರೂಪಗಳು ಪದರಪದರವಾಗಿ ಬೆಳೆದಿರಬಲ್ಲವು ಎಂದು ತೋರಿಸಿದರು. 2009ರಲ್ಲಿ ದೇಸಿರಾಜು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ಅಲ್ಲಿ ಯು. ರಾಮಮೂರ್ತಿ ಅವರೊಂದಿಗೆ ಸೇರಿ ಆಸ್ಪಿರಿನ್ ಹರಳುಗಳನ್ನು ಅತಿ ಚೂಪಾದ ಮೊನೆಯಿಂದ ಒತ್ತಿ ನೋಡಿದರು. ಎರಡು ರೂಪಗಳ ಗಡಸುತನ ಬೇರೆಬೇರೆಯಿತ್ತು. ಎರಡನೆಯದನ್ನು ಅರೆದರೆ ಅದರ ಪದರಗಳು ಜಾರಿ, ಬೇಗನೆ ಹಳೆಯ ಆಸ್ಪಿರಿನ್ ರೂಪಕ್ಕೇ ಮರಳುತ್ತಿತ್ತು.